ತಿದ್ದದೆ ಓದುವವರು

(ಮಸ್ಕತ್‌ನಲ್ಲಿ ಕನ್ನಡ ಯುವಜನರ ಓದು-ಬರಹ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಂಜೆ ನನ್ನನ್ನು ಕರೆದವರು ‘ಬರವಣಿಗೆ ಮತ್ತು ಯುವಜನರ ಮನಸ್ಸಿನ ಆರೋಗ್ಯ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಮನೋವೈದ್ಯನಲ್ಲ. ರೂವಿಯ ಒಂದು ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುವವನು, ಬಿಡುವಿನಲ್ಲಿ ನಮ್ಮವರ ಸ್ಮರಣ ಸಂಚಿಕೆಗಳ ಕರಡು ತಿದ್ದುವವನು. ಆ ಎರಡನೆಯ ಕೆಲಸದಲ್ಲಿ ನನ್ನಿಂದಾದ ಒಂದು ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ. ಆ ತಪ್ಪು ಕಲಿಸಿದಷ್ಟನ್ನು ಈ ವಿಷಯದಲ್ಲಿ ನನಗೆ ಬೇರೇನೂ ಕಲಿಸಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ರಾಜ್ಯೋತ್ಸವದ ಸಂಚಿಕೆಗೆ ಬರಹಗಳನ್ನು ಆಹ್ವಾನಿಸಿದ್ದೆವು. ಕರಾವಳಿಯ ಕಡೆಯ ಹುಡುಗನೊಬ್ಬ ಎರಡು ಹಾಳೆ ತಂದುಕೊಟ್ಟ. ಹವಾನಿಯಂತ್ರಣ ಯಂತ್ರಗಳ ದುರಸ್ತಿ ಮಾಡುವವನು, ಇಪ್ಪತ್ತಮೂರರ ಪ್ರಾಯ. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಕಡ್ಡಾಯ ಬಿಡುವು ಇದೆಯಲ್ಲ, ಆ ಬಿಡುವಿನಲ್ಲಿ ಬರೆದದ್ದು ಎಂದ. ರಾತ್ರಿ ನಿದ್ದೆ ಬಾರದಿರುವುದರ ಬಗ್ಗೆ, ಊರಿನ ಸಾಲದ ಬಗ್ಗೆ, ಅಕ್ಕನ ಮದುವೆಯ ಬಗ್ಗೆ ಬರೆದಿದ್ದ. ಕೊನೆಗೆ, ತಾನು ಮನೆಗೆ ‘ಬಾರ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅದನ್ನು ‘ಭಾರ’ ಎಂದು ತಿದ್ದಿದೆ. ಒತ್ತಕ್ಷರಗಳನ್ನು ಸರಿಪಡಿಸಿದೆ. ಹಬ್ಬದ ಸಂಚಿಕೆಯಾದ್ದರಿಂದ ಸ್ವಲ್ಪ ಉಲ್ಲಾಸದ ಸಂಗತಿ ಸೇರಿಸಿಕೊಡು ಎಂದು ಅಂಚಿನಲ್ಲಿ ಬರೆದು ಹಾಳೆ ಹಿಂದಿರುಗಿಸಿದೆ. ಅವನು ಮತ್ತೆ ಬರಲಿಲ್ಲ. ಮಹಾಪ್ರಾಣವನ್ನು ತಿದ್ದಿದವನಿಗೆ ಪ್ರಾಣ ಕಾಣಿಸಲಿಲ್ಲ.

ಅವನು ಬದುಕಿದ್ದಾನೆ. ಈ ಮಾತುಗಳನ್ನು ಅವನ ಒಪ್ಪಿಗೆ ಪಡೆದು, ಗುರುತು ಮರೆಸಿ ಹೇಳುತ್ತಿದ್ದೇನೆ. ಅವನು ಬದುಕಿದ್ದು ನನ್ನಿಂದಲ್ಲ, ಅವನ ಕೋಣೆಯ ಇನ್ನೊಬ್ಬ ಹುಡುಗನಿಂದ. ಏಳನೆಯ ತರಗತಿಗೆ ಶಾಲೆ ಬಿಟ್ಟ ಆ ಹುಡುಗ ಇದೇ ಹಾಳೆಗಳನ್ನು ದಿಂಬಿನ ಪಕ್ಕ ಕಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿ, ಕೆಳಗೆ ಒಂದು ಸಾಲು ಬರೆದನಂತೆ: ‘ನಾನು ಓದಿದೆ. ರಾತ್ರಿ ನಿದ್ದೆ ಬರದಿದ್ದರೆ ನನ್ನನ್ನು ಎಬ್ಬಿಸು.’ ಮೂರನೆಯ ರಾತ್ರಿ ಇವನು ಎಬ್ಬಿಸಿದ. ಬೆಳಗಾಗುವವರೆಗೆ ಇಬ್ಬರೂ ಮಾತನಾಡಿದರು. ಬೆಳಿಗ್ಗೆ ಒಂದು ದಿನದ ಸಂಬಳ ಬಿಟ್ಟು ಇಬ್ಬರೂ ವೈದ್ಯರ ಬಳಿ ಹೋದರು. ಒಂದೇ ಹಾಳೆಯನ್ನು ಇಬ್ಬರು ಓದಿದ್ದೆವು. ಕನ್ನಡ ಚೆನ್ನಾಗಿ ಬಲ್ಲವನಿಗೆ ಅದು ಅರ್ಥವಾಗಿರಲಿಲ್ಲ. ನನ್ನ ಇವತ್ತಿನ ಮಾತೆಲ್ಲ ಇಷ್ಟೇ: ಯುವಜನರು ಬರವಣಿಗೆಯ ಮೂಲಕ ಒಬ್ಬರಿಗೊಬ್ಬರು ಆಸರೆಯಾಗಬೇಕಾದರೆ, ಬರೆಯುವುದಕ್ಕಿಂತ ಮೊದಲು ಓದುವುದನ್ನು ಕಲಿಯಬೇಕು.

ನಮ್ಮ ಕಾಗದಗಳ ಹಳೆಯ ಒಕ್ಕಣೆಯನ್ನು ಹಿರಿಯರು ಮರೆತಿರಲಾರರು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭವಾಗುತ್ತಿತ್ತು. ಈಚಿನವರು ‘ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದರು. ಮೊದಲ ಸಾಲಿನಲ್ಲೇ ಕುಶಲವೆಂದು ಸಾರಿದವನು ಎರಡನೆಯ ಸಾಲಿನಲ್ಲಿ ಅಳುವಂತಿರಲಿಲ್ಲ. ಕೊಲ್ಲಿಗೆ ಬಂದವರ ಕಾಗದಗಳಲ್ಲಿ ಈ ಕ್ಷೇಮ ಇನ್ನಷ್ಟು ಕಡ್ಡಾಯವಾಯಿತು. ಸಾಲ ಮಾಡಿ ವೀಸಾ ಕೊಂಡವನು, ಒಡವೆ ಅಡವಿಟ್ಟು ಟಿಕೆಟ್ ಕೊಂಡವನು, ಕೋಣೆಯಲ್ಲಿ ಎಂಟು ಜನರ ನಡುವೆ ಮಲಗುತ್ತೇನೆ ಎಂದು ತಾಯಿಗೆ ಬರೆಯುವುದು ಹೇಗೆ? ಕಾಗದದ ನಂತರ ಕ್ಯಾಸೆಟ್ಟು ಬಂತು, ಈಗ ವಿಡಿಯೋ ಕರೆ ಬಂದಿದೆ. ಮುಖ ಕಾಣಿಸುವುದರಿಂದ ನಟನೆ ಹೆಚ್ಚಿತೇ ಹೊರತು ಸತ್ಯ ಹೆಚ್ಚಲಿಲ್ಲ. ಕ್ಯಾಮೆರಾವನ್ನು ಯಾವ ಗೋಡೆಯ ಕಡೆ ತಿರುಗಿಸಿದರೆ ಕೋಣೆ ಚೆನ್ನಾಗಿ ಕಾಣುತ್ತದೆ ಎಂಬುದು ನಮಗೆಲ್ಲ ಗೊತ್ತು.

ಈ ಸುಳ್ಳು ಕ್ಷೇಮವನ್ನು ಒಡೆದ ಒಂದು ಪ್ರಸಂಗ ನಮ್ಮ ನೆರೆಯ ಕೇರಳದಲ್ಲಿ ನಡೆಯಿತು. 1970ರ ದಶಕದ ಕೊನೆಯ ಹೊತ್ತಿಗೆ ಎಸ್. ಎ. ಜಮೀಲ್ ಎಂಬ ಕವಿ-ಗಾಯಕರು ‘ದುಬೈ ಕತ್ತುಪಾಟ್ಟು’ ರಚಿಸಿದರು. ಗಂಡ ಕೊಲ್ಲಿಯಲ್ಲಿರುವ ಎಳೆಯ ಹೆಂಡತಿಯೊಬ್ಬಳು ಬರೆದ ಕಾಗದದ ರೂಪದ ಹಾಡು ಅದು. ಕವಿಯಾಗಿದ್ದಂತೆಯೇ ಜಮೀಲರು ಮಾನಸಿಕ ಸಂಕಟಗಳಿಗೆ ಸಲಹೆ ನೀಡುವ ವೃತ್ತಿಯವರೂ ಆಗಿದ್ದರು. ಮಾಪಿಳ್ಳೆ ಹಾಡಿನ ಮಟ್ಟಿನಲ್ಲಿ ಒಂಟಿತನವನ್ನೂ ಬಯಕೆಯನ್ನೂ ಸಿಟ್ಟನ್ನೂ ಅವರು ಬಿಚ್ಚಿಟ್ಟಾಗ ಮುಜುಗರಪಟ್ಟವರು ಇದ್ದರು, ಕಣ್ಣೀರು ಸುರಿಸಿದವರೂ ಇದ್ದರು. ಆ ಮೇಲೆ ಗಂಡನ ಮರುಕಾಗದವನ್ನೂ ಅವರು ಬರೆದರು. ಒಂದು ಕಾಗದಕ್ಕೆ ಇನ್ನೊಂದು ಕಾಗದದ ಉತ್ತರ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಕೊಲ್ಲಿಯ ಕನ್ನಡಿಗರು ಅಂಥದೊಂದು ಕಾಗದವನ್ನು ಇನ್ನೂ ಬರೆದುಕೊಂಡಿಲ್ಲ.

ನಾವಿರುವ ನಾಡಿನ ಲೇಖಕಿಯೊಬ್ಬರನ್ನು ಇಲ್ಲಿ ನೆನೆಯಬೇಕು. ಜೋಖಾ ಅಲ್ಹಾರ್ಥಿ ಈಗ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿ. ಅವರ ‘ಸಯ್ಯಿದಾತ್ ಅಲ್ ಕಮರ್’ ಕಾದಂಬರಿ 2010ರಲ್ಲಿ ಬಂತು. ಅದರ ಇಂಗ್ಲಿಷ್ ಅನುವಾದಕ್ಕೆ 2019ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಿಕ್ಕಿತು. ಅರಬ್ಬಿ ಭಾಷೆಗೆ ಆ ಪ್ರಶಸ್ತಿ ಮೊದಲ ಸಲ ಬಂದದ್ದು ಆಗ. ಆ ಕಾದಂಬರಿಯ ಬರವಣಿಗೆ ಶುರುವಾದದ್ದು ಎಡಿನ್‌ಬರೋದಲ್ಲಿ. ಕೈಯಲ್ಲಿ ಎಳೆಯ ಮಗು, ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕಾದ ಪ್ರಬಂಧ, ಸುತ್ತ ಪರದೇಶದ ಚಳಿ. ಅಧೀರಳಾಗಿದ್ದ ಆ ದಿನಗಳಲ್ಲಿ ತಾನು ತನ್ನ ಊರಿಗೆ, ಅದಕ್ಕಿಂತ ಹೆಚ್ಚಾಗಿ ತನ್ನ ಭಾಷೆಗೆ ಮರಳಿದೆ ಎಂಬ ಅರ್ಥದ ಮಾತನ್ನು ಅವರು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ನಾವು ದುಡಿಯಲು ಒಮಾನಿಗೆ ಬಂದೆವು, ಒಮಾನಿನ ಹುಡುಗಿ ಕಲಿಯಲು ಪರದೇಶಕ್ಕೆ ಹೋದಳು. ಕಸಿವಿಸಿ ಒಂದೇ, ಅದಕ್ಕೆ ಹಿಡಿದ ದಾರಿಯೂ ಒಂದೇ.

ಆರು ವರ್ಷಗಳ ನಂತರ, 2025ರ ಮೇ ತಿಂಗಳಿನಲ್ಲಿ, ಅದೇ ಪ್ರಶಸ್ತಿ ಕನ್ನಡಕ್ಕೆ ಬಂತು. ಹಾಸನದ ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದಿದ್ದರು. ಪ್ರಶಸ್ತಿಯ ಸಂಭ್ರಮದಲ್ಲಿ ನಾವು ಇಲ್ಲಿ ಸಿಹಿ ಹಂಚಿದೆವು. ಆದರೆ ಬಾನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿರುವ ಒಂದು ಸಂಗತಿಯನ್ನು ನಮ್ಮ ಯಾವ ಸಭೆಯಲ್ಲೂ ಯಾರೂ ಎತ್ತಲಿಲ್ಲ. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಹೆರಿಗೆಯ ನಂತರದ ಖಿನ್ನತೆಯಲ್ಲಿ, ಅವರು ಬದುಕಿನ ಅಂಚಿಗೆ ಹೋಗಿ ಬಂದಿದ್ದರು. ಪತಿ ಹೊತ್ತಿಗೆ ಸರಿಯಾಗಿ ಗ್ರಹಿಸಿ ತಡೆದರು. ಮುಂದೆ ಲಂಕೇಶ್ ಪತ್ರಿಕೆಯ ವರದಿಗಾರಿಕೆ, ಬಂಡಾಯ ಸಾಹಿತ್ಯದ ಸಂಗ, ವಕೀಲಿ ವೃತ್ತಿ, ಕತೆಗಳು. ನಾಚಿಕೆಯಿಲ್ಲದೆ ಈ ಮಾತನ್ನು ಲೋಕದ ಮುಂದೆ ಆಡಿದ ಅವರ ಧೈರ್ಯವನ್ನು ನಾನು ಪ್ರಶಸ್ತಿಗಿಂತ ದೊಡ್ಡದೆಂದು ತಿಳಿಯುತ್ತೇನೆ. ಅವರ ಬದುಕಿನಲ್ಲಿ ಬರವಣಿಗೆ ಒಂಟಿಯಾಗಿ ಕೆಲಸ ಮಾಡಲಿಲ್ಲ ಎಂಬುದನ್ನೂ ಗಮನಿಸಬೇಕು. ಗ್ರಹಿಸಿದ ಒಬ್ಬ ಸಂಗಾತಿ ಇದ್ದರು, ಪ್ರಕಟಿಸಿದ ಪತ್ರಿಕೆ ಇತ್ತು, ಓದಿ ವಾದಿಸಿದ ಬಳಗವಿತ್ತು.

ಗ್ರಹಿಸದಿದ್ದರೆ ಏನಾಗುತ್ತದೆ ಎಂಬುದನ್ನು ತ್ರಿವೇಣಿ ನಮಗೆ ಬಹಳ ಹಿಂದೆಯೇ ತೋರಿಸಿದ್ದಾರೆ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡ ಆ ಲೇಖಕಿ ಮನಶ್ಶಾಸ್ತ್ರ ಓದಿದವರು. ಅವರ ‘ಶರಪಂಜರ’ದ ಕಾವೇರಿಯನ್ನು ನಿಮ್ಮಲ್ಲಿ ಹೆಚ್ಚಿನವರು ಪುಟ್ಟಣ್ಣ ಕಣಗಾಲರ 1971ರ ಚಿತ್ರದಲ್ಲಿ, ಕಲ್ಪನಾ ಅವರ ಮುಖದಲ್ಲಿ ಕಂಡಿರುತ್ತೀರಿ. ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಅವಳ ರೋಗ ಗುಣವಾಗಿತ್ತು. ಸುತ್ತಲಿನವರ ಸಂಶಯ ಗುಣವಾಗಿರಲಿಲ್ಲ. ನಕ್ಕರೂ ಅತ್ತರೂ ಸಿಟ್ಟಾದರೂ ಎಲ್ಲವನ್ನೂ ಹುಚ್ಚಿನ ಗುರುತಾಗಿ ನೋಡುವ ಕಣ್ಣುಗಳ ನಡುವೆ ಅವಳು ಮತ್ತೆ ಕುಸಿಯುತ್ತಾಳೆ. ನಮ್ಮ ಭಾಷೆಗೆ ಈ ವಿಷಯ ಹೊಸತಲ್ಲ ಎನ್ನುವುದಕ್ಕೆ ಇನ್ನೊಂದು ನೆನಪು: ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು, ನಾಡನ್ನು ನಗಿಸಿದ ಕೈಯಲ್ಲೇ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪದಗಳ ಕೊರತೆ ಕನ್ನಡಕ್ಕೆ ಇರಲಿಲ್ಲ. ಮನೆಯೊಳಗೆ ಅವನ್ನು ಆಡುವ ಧೈರ್ಯದ ಕೊರತೆ ನಮಗಿದೆ.

ಹಾಗಾದರೆ ಬರೆಯುವುದರಿಂದ ನಿಜಕ್ಕೂ ಏನಾಗುತ್ತದೆ? ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಯೊಂದಿಗೆ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕಾಲೇಜು ವಿದ್ಯಾರ್ಥಿಗಳನ್ನು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಅತ್ಯಂತ ನೋವಿನ ಅನುಭವದ ಬಗ್ಗೆ ಬರೆಯಲು ಕೂರಿಸಿದರು. ಬರೆದ ಕೂಡಲೇ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನಷ್ಟು ಕದಡಿತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅದರಿಂದ ತಮಗೆ ಅನಿಸಿದ್ದನ್ನೂ ಒಟ್ಟಿಗೆ ಬರೆದವರು ಇತರರಿಗಿಂತ ಕಡಿಮೆ ಸಲ ಆರೋಗ್ಯ ಕೇಂದ್ರಕ್ಕೆ ಹೋದರು. ನೋವಿಗೆ ಕಾರಣ-ಪರಿಣಾಮದ ಎಳೆ ಕಂಡುಕೊಂಡು ಬರೆದವರಿಗೆ ಹೆಚ್ಚು ಲಾಭವಾಯಿತು ಎಂದು ಅವರ ನಂತರದ ಕೆಲಸ ತೋರಿಸಿತು. ಈ ಲಾಭ ಸಾಧಾರಣ ಪ್ರಮಾಣದ್ದು, ಎಲ್ಲರಿಗೂ ಆಗುವಂಥದ್ದೂ ಅಲ್ಲ. ಬರೆದರೆ ಖಿನ್ನತೆ ವಾಸಿಯಾಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಬರೆದ ರಾತ್ರಿ ಮನಸ್ಸು ಕದಡುತ್ತದೆ ಎಂಬುದನ್ನಂತೂ ಮರೆಯಬೇಡಿ. ಆ ರಾತ್ರಿ ಎಬ್ಬಿಸಬಹುದಾದ ಒಬ್ಬರು ಪಕ್ಕದಲ್ಲಿರಬೇಕು.

ಪಕ್ಕದಲ್ಲಿರುವ ಓದುಗರು ಏನು ಮಾಡಬಲ್ಲರು ಎಂಬುದಕ್ಕೆ ಎರಡು ನಿದರ್ಶನಗಳು. ಮೊದಲನೆಯದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನದು. 1994ರಲ್ಲಿ ಎರಿನ್ ಗ್ರುವೆಲ್ ಎಂಬ ಯುವ ಅಧ್ಯಾಪಕಿ ಅಲ್ಲಿನ ವಿಲ್ಸನ್ ಪ್ರೌಢಶಾಲೆಗೆ ಬಂದಾಗ, ಇವರು ಕಲಿಯಲಾರರು ಎಂದು ವ್ಯವಸ್ಥೆ ಕೈಬಿಟ್ಟ ಮಕ್ಕಳು ಅವರ ತರಗತಿಯಲ್ಲಿದ್ದರು. ಗುಂಪುಗಳ ಹೊಡೆದಾಟದಲ್ಲಿ ಗೆಳೆಯರನ್ನು ಕಳೆದುಕೊಂಡವರು, ಮನೆಯಲ್ಲಿ ಹೊಡೆತ ತಿಂದವರು. ಅವರೆಲ್ಲ ದಿನಚರಿ ಬರೆದರು. ಆ ಬರಹಗಳು 1999ರಲ್ಲಿ ‘ಫ್ರೀಡಂ ರೈಟರ್ಸ್ ಡೈರಿ’ಯಾಗಿ ಬಂದಾಗ ಹೆಸರುಗಳ ಬದಲು ಅಂಕೆಗಳಿದ್ದವು. ಹೆಸರು ಮರೆಯಾದದ್ದರಿಂದ ಸತ್ಯ ಹೊರಬಂತು. ಒಬ್ಬರ ಪುಟವನ್ನು ಇನ್ನೊಬ್ಬರು ಓದಿ, ಇದು ನನ್ನದೂ ಹೌದು ಎಂದು ಕಂಡುಕೊಂಡರು.

ಎರಡನೆಯದು ನಮ್ಮದೇ. ಬೆಂಗಳೂರಿನ ಗೋಪಾಲಪುರದ ಹಾಸ್ಟೆಲಿನಲ್ಲಿದ್ದ ಹುಡುಗ ಸಿದ್ಧಲಿಂಗಯ್ಯ ಮುಂದೆ ‘ಊರುಕೇರಿ’ಯಲ್ಲಿ ಆ ದಿನಗಳ ಹಸಿವನ್ನೂ ಅವಮಾನವನ್ನೂ ನಗುತ್ತ ನಗಿಸುತ್ತ ಬರೆದರು. ಮನಸ್ಸಿನ ಆರೋಗ್ಯ ಎಂಬ ಮಾತನ್ನು ಅಲ್ಲಿ ಯಾರೂ ಆಡಲಿಲ್ಲ. ಆದರೆ ಜಾತಿಯ ಅವಮಾನವನ್ನು ತನ್ನೊಬ್ಬನ ಕೊರತೆಯೆಂದು ಒಳಗೊಳಗೇ ನುಂಗುವ ಹುಡುಗನಿಗೆ, ಅದನ್ನೇ ನುಂಗಿದ ಇತರರ ಜೊತೆ ಬದುಕುವುದು, ಹಾಡು ಕಟ್ಟಿ ಕೇಳಿಸುವುದು ಎಂಥ ಬಿಡುಗಡೆ ಎಂಬುದನ್ನು ‘ಹೊಲೆಮಾದಿಗರ ಹಾಡು’ ಬಂದ 1975ರ ನಂತರದ ಕರ್ನಾಟಕ ಕಂಡಿದೆ. ನಾಚಿಕೆ ಅಲ್ಲಿ ಸಿಟ್ಟಾಯಿತು, ಸಿಟ್ಟು ಪ್ರಶ್ನೆಯಾಯಿತು, ಪ್ರಶ್ನೆ ಚಳವಳಿಯಾಯಿತು.

ಈ ಕಾರಣಕ್ಕೇ, ಪ್ರಗತಿಪರರೆಂದು ಹೇಳಿಕೊಳ್ಳುವ ನಾವು ಮನಸ್ಸಿನ ಸಂಕಟವನ್ನು ಬರೀ ಮನಸ್ಸಿನದೆಂದು ನೋಡಲಾರೆವು. ಒಮಾನಿನಲ್ಲಿ 2021ರ ಜನವರಿ 1ಕ್ಕೆ ಮೊದಲು, ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ. ಪತ್ರ ಸಿಗದವನು ದೇಶ ಬಿಟ್ಟರೆ ಎರಡು ವರ್ಷ ಮರಳುವಂತಿರಲಿಲ್ಲ. ಆ ನಿಯಮ ಹೋದ ಮೇಲೆ ನಿದ್ದೆ ಮರಳಿ ಬಂದವರನ್ನು ನಾನು ಬಲ್ಲೆ. ಬಾಕಿ ಸಂಬಳ, ದಲ್ಲಾಳಿಯ ಸಾಲ, ಊರಿನವರ ನಿರೀಕ್ಷೆ, ಇವುಗಳಿಗೆ ಧ್ಯಾನದ ಸಲಹೆ ಉತ್ತರವಾಗದು. ಆದರೆ ನಮ್ಮವರಲ್ಲಿ ಇದರ ವಿರುದ್ಧದ ದೋಷವೂ ಇದೆ. ಹುಡುಗನೊಬ್ಬ ತನ್ನ ರಾತ್ರಿಯ ಬಗ್ಗೆ ಹೇಳಲು ಬಂದರೆ ನಾವು ಬಂಡವಾಳಶಾಹಿಯ ಬಗ್ಗೆ ಉಪನ್ಯಾಸ ಕೊಡುತ್ತೇವೆ. ಅದೂ ಕೆಂಪು ಶಾಯಿಯೇ. ವ್ಯವಸ್ಥೆಯನ್ನು ಬದಲಿಸುವ ಹೋರಾಟ ವರ್ಷಗಳದ್ದು. ಇವತ್ತಿನ ರಾತ್ರಿಯನ್ನು ಇವತ್ತೇ ದಾಟಬೇಕು.

ಇಲ್ಲೇ ಬೆಳೆದ ಮಕ್ಕಳ ಮಾತು ಬೇರೆ. ಇಲ್ಲಿನ ಭಾರತೀಯ ಶಾಲೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿ, ತಾವು ರಜೆಯಲ್ಲಿ ಮಾತ್ರ ಕಂಡ ‘ಊರಿಗೆ’ ಕಾಲೇಜು ಓದಲು ಹೋಗುವವರು ಅವರು. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ವೇದಿಕೆಯಲ್ಲಿ ಮಾತ್ರ ಕನ್ನಡ. ಒಬ್ಬ ಹುಡುಗಿ ನನಗೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಕಳುಹಿಸಿದಳು. ಅಪ್ಪನೊಡನೆ ಆಡಲಾಗದ ಮಾತು ಅದರಲ್ಲಿತ್ತು. ಹಳೆಯ ನಾನಾಗಿದ್ದರೆ ಮೊದಲು ಲಿಪಿ ಕಲಿತು ಬಾ ಎನ್ನುತ್ತಿದ್ದೆ. ನೋವು ಯಾವ ಲಿಪಿಯಲ್ಲಿ ಬಂದರೂ ಬಾಗಿಲು ತೆರೆಯಬೇಕು. ಭಾಷಾಭಿಮಾನ ಆಮೇಲೆ ಒಳಗೆ ಬಂದು ಕೂರಲಿ.

ಈಗ ಕೆಲಸದ ಮಾತು. ಕಾಲೇಜುಗಳಲ್ಲಿ ಕೈಬರಹದ ಪತ್ರಿಕೆ ಮಾಡಿ ಕೈಯಿಂದ ಕೈಗೆ ದಾಟಿಸುತ್ತಿದ್ದ ಕಾಲವೊಂದಿತ್ತು. ಆ ಇಬ್ಬರು ಹುಡುಗರು ಅದನ್ನೇ ಬೇರೆ ರೂಪದಲ್ಲಿ ಆರಂಭಿಸಿದ್ದಾರೆ. ಒಂದು ನೋಟ್‌ಪುಸ್ತಕ ಐದಾರು ಜನರ ನಡುವೆ ತಿರುಗುತ್ತದೆ. ಹೆಸರು ಬರೆಯಬೇಕಿಲ್ಲ. ಓದಿದವರು ತಿದ್ದುವುದಿಲ್ಲ, ಬುದ್ಧಿ ಹೇಳುವುದಿಲ್ಲ, ನನ್ನ ಕಷ್ಟ ಇನ್ನೂ ದೊಡ್ಡದು ಎಂದು ಹೋಲಿಸುವುದಿಲ್ಲ. ಓದಿದೆ ಎಂದು ಬರೆಯುತ್ತಾರೆ, ತಮಗೆ ಏನು ತಟ್ಟಿತು ಎಂದು ಒಂದು ಸಾಲು ಬರೆಯುತ್ತಾರೆ, ಒಂದು ಪ್ರಶ್ನೆ ಕೇಳುತ್ತಾರೆ. ಪುಸ್ತಕದ ಫೋಟೋ ತೆಗೆಯುವಂತಿಲ್ಲ. ಬೇಡವೆನಿಸಿದ ಪುಟವನ್ನು ಬರೆದವರು ಹರಿದುಕೊಳ್ಳಬಹುದು. ಒಬ್ಬನೇ ಎಲ್ಲರ ದುಃಖ ಹೊರಬಾರದೆಂದು ಓದುವ ಸರದಿ ಬದಲಾಗುತ್ತಿರುತ್ತದೆ, ಕೇಳುವವನಿಗೂ ದಣಿವಾಗುತ್ತದೆ.

ಗುಟ್ಟು ಕಾಯುವ ಮಾತಿಗೆ ಒಂದೇ ಒಂದು ಎಲ್ಲೆ ಇದೆ: ಜೀವದ ಪ್ರಶ್ನೆ. ‘ನಾನು ಭಾರ’, ‘ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ’ ಎಂಬಂಥ ಸಾಲು ಕಂಡರೆ ಅದನ್ನು ಸಾಹಿತ್ಯವೆಂದು ಓದಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತೆ ಆಗುತ್ತದೆ ಎಂಬ ಭಯ ತಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ ಲೆಕ್ಕದಂತೆ 15ರಿಂದ 29ರ ವಯಸ್ಸಿನವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆ ಜಗತ್ತಿನಲ್ಲಿ ಮೂರನೆಯದು. ಹೌದು ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಜೊತೆಗೆ ವೈದ್ಯರ ಬಳಿ ಹೋಗಿ. ಮಸ್ಕತ್‌ನ ಅಲ್ ಅಮೆರಾತ್‌ನಲ್ಲಿ ಮನೋಚಿಕಿತ್ಸೆಗೆಂದೇ ಅಲ್ ಮಸರ್‍ರಾ ಆಸ್ಪತ್ರೆ ಇದೆ. ತುರ್ತಾದರೆ ರಾಯಲ್ ಒಮಾನ್ ಪೊಲೀಸರ 9999 ಇದೆ. ಊರಿನಲ್ಲಿರುವ ತಮ್ಮ ತಂಗಿಯರಿಗೆ ಭಾರತದ ಟೆಲಿ ಮಾನಸ್ ಸಂಖ್ಯೆ 14416 ಹೇಳಿಕೊಡಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಆ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು. ವೀಸಾ ಹೋಗುತ್ತದೆ, ಮದುವೆ ನಿಲ್ಲುತ್ತದೆ ಎಂಬ ಅಂಜಿಕೆ ಎದುರಾಗುತ್ತದೆ. ಆ ಅಂಜಿಕೆಯನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಆದರೆ ಅದಕ್ಕಾಗಿ ವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ.

ಒಮಾನಿನ ಊರುಗಳಲ್ಲಿ ‘ಸಬ್ಲಾ’ ಎಂಬ ಸಾಮೂಹಿಕ ಪಡಸಾಲೆ ಇರುತ್ತದೆ. ನಮ್ಮ ಅರಳಿಕಟ್ಟೆಯ ಹಾಗೆ. ಮದುವೆಗೂ ಸಾವಿಗೂ ಊರವರು ಅಲ್ಲಿ ಸೇರುತ್ತಾರೆ, ಕಹ್ವಾ ಕುಡಿಯುತ್ತಾರೆ, ಖರ್ಜೂರ ಹಂಚುತ್ತಾರೆ. ದುಃಖದವನ ಪಕ್ಕ ಸುಮ್ಮನೆ ಕೂರುವುದೂ ಅಲ್ಲಿ ಒಂದು ಕೆಲಸ. ನಮ್ಮ ಓದು-ಬರಹದ ಕೂಟ ಅಂಥದೊಂದು ಸಬ್ಲಾ ಆಗಲಿ ಎಂಬುದು ನನ್ನ ಆಸೆ.

ಕಳೆದ ಚಳಿಗಾಲದಲ್ಲಿ ಆ ಹುಡುಗ ನೋಟ್‌ಪುಸ್ತಕವನ್ನು ನನ್ನ ಕೈಗೂ ಕೊಟ್ಟ. ಇಷ್ಟು ವರ್ಷಗಳ ನಂತರ ಅವನು ನನ್ನನ್ನು ಮತ್ತೆ ಓದುಗನೆಂದು ನಂಬಿದ್ದ. ಅವನ ಪುಟದಲ್ಲಿ ಹೀಗಿತ್ತು: ‘ಇವತ್ತು ಬಾರ ಸ್ವಲ್ಪ ಕಡಿಮೆ.’ ಒತ್ತಿಲ್ಲದ ಅದೇ ಬಾರ. ನಾನು ಪೆನ್ನು ತೆಗೆದೆ. ಆ ಅಕ್ಷರವನ್ನು ಹಾಗೆಯೇ ಬಿಟ್ಟು, ಕೆಳಗೆ ‘ಓದಿದೆ’ ಎಂದು ಬರೆದು ಪುಸ್ತಕವನ್ನು ಮುಂದಿನವರಿಗೆ ದಾಟಿಸಿದೆ.